ಅರ್ಕಾವೊತ್ತಿಲ್ಲದ ಗೋಡೆ

ಕೊರೊನಾ ಮುಗಿದ ಮರುವರ್ಷದ ಮಾತು. ಕೊಟ್ಟೂರಿನಲ್ಲಿ ಬೋರ್ಡ್ ಬರೆಯುವ ಪೇಂಟರ್ ಆಗಿ ಅದು ನನಗೆ ಮೂವತ್ತೊಂದನೆಯ ವರ್ಷ. ನಮ್ಮದು ಹುದ್ದೆಯೂ ಅಲ್ಲ, ಇದಕ್ಕೆ ನಿವೃತ್ತಿಯೂ ಇಲ್ಲ, ಕೈ ನಡುಗುವ ತನಕ ಬರೆಯುವುದು ಅಷ್ಟೇ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಶಾಲೆ, ಟ್ರ್ಯಾಕ್ಟರ್ ಟ್ರೇಲರು, ಎಲ್ಲೆಲ್ಲಿಯೂ ನಮ್ಮ ಅಕ್ಷರಗಳಿದ್ದವು. ನಮ್ಮ ಎಂದರೆ ನನ್ನವು ಮತ್ತು ಕೊಟ್ರೇಶನವು. ಒಂದೇ ಓಣಿಯಲ್ಲಿ ಬೆಳೆದವರು, ಒಬ್ಬನೇ ಗುರುವಿನ ಬಳಿ ಬ್ರಷ್ ತೊಳೆದು ಕಸುಬು ಕಲಿತವರು. ಕೈ ಅವನದೇ ಚೆಂದ. ಅವನು ಬದುಕಿದ್ದಾಗ ಈ ಮಾತನ್ನು ನಾನು ಒಮ್ಮೆಯೂ ಅವನೆದುರು ಒಪ್ಪಿಕೊಳ್ಳಲಿಲ್ಲ.

ಈ ಕಸುಬಿನ ಒಂದು ಸಂಗತಿಯನ್ನು ಮೊದಲೇ ಹೇಳಬೇಕು. ಒಂದೂವರೆ ಅಡಿ ಅಕ್ಷರವನ್ನು ಗೋಡೆಗೆ ಮೂಗು ಹಚ್ಚಿ ಬರೆಯುವವನಿಗೆ ಅದು ನೆಟ್ಟಗಿದೆಯೋ ಸೊಟ್ಟಗಿದೆಯೋ ಗೊತ್ತಾಗುವುದಿಲ್ಲ. ಬರೆಯಬೇಕು, ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಬೇಕು, ಮತ್ತೆ ಹೋಗಿ ತಿದ್ದಬೇಕು. ವರ್ಷಗಟ್ಟಲೆ ಹೀಗೆ ಮಾಡಿದರೆ ಅದು ಮೈಗೆ ಹತ್ತಿಬಿಡುತ್ತದೆ. ಆದರೆ ಬೊಂಬು ಕಟ್ಟಿ ಹಲಗೆ ಹಾಸಿದ ಸಾರುವೆಯ ಮೇಲೆ ಹಿಂದೆ ಸರಿಯಲು ಜಾಗವೆಲ್ಲಿದೆ? ಅದಕ್ಕೇ ಒಬ್ಬ ಮೇಲೆ, ಒಬ್ಬ ಕೆಳಗೆ. ಕೆಳಗಿನವನೇ ಮೇಲಿನವನ ಕಣ್ಣು. "ಹಿಂದ ಸರೀಬ್ಯಾಡ, ನಾನು ನೋಡ್ತೀನಿ" ಎಂದು ಅವನು ಆಗಾಗ ಹೇಳುತ್ತಿರಬೇಕು. ನಮ್ಮಿಬ್ಬರಲ್ಲಿ ಎತ್ತರ ಹತ್ತುವವನು ಹೆಚ್ಚಾಗಿ ಕೊಟ್ರೇಶ.

ಆ ಕೆಲಸ ಹಂಪಸಾಗರದ ಕಡೆಯ ಒಂದು ಊರಿನ ಶಾಲೆಯದು. ಊರಿನ ಹೆಸರು ಬೇಡ. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ' ಎಂದು ಗೋಡೆಯ ಉದ್ದಕ್ಕೂ ಬರೆಯಬೇಕಿತ್ತು. ನೀಲಿ ಪುಡಿ ಹಚ್ಚಿದ ನೂಲನ್ನು ಎಳೆದು ಹಿಡಿದು, ಗೋಡೆಗೆ ಹೊಡೆದು, ಗೆರೆ ಮೂಡಿಸಿದೆವು. ಕೊಟ್ರೇಶ ಹನ್ನೆರಡು ಅಡಿ ಎತ್ತರದಲ್ಲಿ ಔಟ್‌ಲೈನ್ ಹಾಕುತ್ತ ಹೋದ. ಅವನಿಗೊಂದು ರೂಢಿ ಇತ್ತು. ಒತ್ತುಗಳನ್ನೆಲ್ಲ ಬಿಟ್ಟು ಸಾಲು ಮುಗಿಸಿ, ಆಮೇಲೆ ಒಂದೇ ಸಲ ಅವನ್ನು ಹಾಕುತ್ತಿದ್ದ. ನನಗೆ ಇದು ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಚಹಾ ಕುಡಿದು ಬಂದೆ. ಮಕ್ಕಳು ಬಿಸಿಯೂಟ ಮುಗಿಸಿ ಅಂಗಳದಲ್ಲಿದ್ದರು. ಗೇಟಿನಿಂದ ನೋಡಿದರೆ ಗೋಡೆಯ ಮೇಲೆ 'ಸಕಾರಿ' ಎಂದಿತ್ತು. ಮಕ್ಕಳ ಮುಂದೆ ಸ್ವಲ್ಪ ಜೋರು ಮಾಡುವ ಚಪಲ ನನಗೆ. "ಲೇ ಕೊಟ್ರ್ಯಾ, ಅರ್ಕಾವೊತ್ತು ನುಂಗಿ ನೀರು ಕುಡದೀಯೇನಲೇ" ಎಂದು ಕೂಗಿದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವನು ಆ ತುದಿಯಲ್ಲಿ 'ಶಾಲೆ'ಯ ಹತ್ತಿರ ನಿಂತಿದ್ದ. ಅಲ್ಲಿಂದ ಮೊದಲ ಪದ ಕಾಣುವುದಿಲ್ಲ. ಮೂವತ್ತು ವರ್ಷದ ರೂಢಿ, ನೋಡಲು ಹಿಂದೆ ಸರಿದ.

ಕೆಳಗೆ ಧ್ವಜಕಟ್ಟೆಯ ಕಲ್ಲಿತ್ತು. ಮುಖ್ಯೋಪಾಧ್ಯಾಯಿನಿಯವರು ಗಾಡಿ ತರಿಸಿದರು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಗರಿಬೊಮ್ಮನಹಳ್ಳಿ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಕೇಳಿದವರಿಗೆಲ್ಲ ಕಾಲು ಜಾರಿತು ಎಂದೆ. ಅವನ ಹೆಂಡತಿ ನೀಲಮ್ಮನಿಗೂ ಅದನ್ನೇ ಹೇಳಿದೆ. ಕೂಗಿದ್ದನ್ನು ಯಾರಿಗೂ ಹೇಳಲಿಲ್ಲ.

ತಿಂಗಳಾದ ಮೇಲೆ ಒಂದು ಬಳೆ ಅಂಗಡಿಯ ಬೋರ್ಡ್ ಹಿಡಿದೆ. ನೆಲದ ಮೇಲೆ ಒರಗಿಸಿಟ್ಟ ನಾಲ್ಕು ಅಡಿಯ ತಗಡು, ಎತ್ತರದ ಪ್ರಶ್ನೆಯೇ ಇಲ್ಲ. ಒಂದು ಅಕ್ಷರ ಬರೆದು ಹಿಂದೆ ಸರಿಯಲು ಹೋದರೆ ಕಾಲು ಏಳಲಿಲ್ಲ. ಸರಿಯದೆ ಬರೆದೆ, ಸಾಲು ಇಳಿಜಾರಾಯಿತು, ಅಂಗಡಿಯವನು ಪಾಪ ಎಂದು ಹಾಗೇ ತೆಗೆದುಕೊಂಡ. ಹೀಗೆ ಮೂರು ಬೋರ್ಡ್ ಕೆಡಿಸಿದ ಮೇಲೆ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲೂ ಇಡಲಿಲ್ಲ, ಒಣಗಿ ಕಟ್ಟಿಗೆಯಾದವು. ಹರಪನಹಳ್ಳಿಯ ಮೆಕ್ಕೆಜೋಳದ ಗೋಡೌನಿನಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದೆ. ಈ ನಡುವೆ ನೀಲಮ್ಮ ನಮ್ಮ ಮನೆಗೆ ನಾಲ್ಕು ಸಲ ಬಂದಳು. ನಾಲ್ಕು ಸಲವೂ ಅವಳ ದನಿ ಕೇಳಿದ್ದೇ ಹಿತ್ತಿಲ ಬಾಗಿಲಿನಿಂದ ಕಳ್ಳನ ಹಾಗೆ ಹೊರಬಿದ್ದೆ. ಲೆಕ್ಕ ಕೇಳಲು ಬಂದಿದ್ದಾಳೆ, ನನ್ನ ಬಾಯಿಂದಲೇ ನಿಜ ಹೊರಡಿಸಲು ಬಂದಿದ್ದಾಳೆ ಎಂದು ಭಯ. ನಾಚಿಕೆಗೇಡಿನ ಮಾತು, ಆದರೂ ಬರೆಯುತ್ತಿದ್ದೇನೆ.

ಒಂದೂವರೆ ವರ್ಷದ ಮೇಲೆ ಗೋಡೌನಿಗೆ ಮೈಲಾರಪ್ಪ ಎಂಬ ಹಿರಿಯರು ಬಂದರು. ಕುರಿ ಸಾಕುವವರು, ಆ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು. ಗೋಡೆ ಹಾಗೇ ಇದೆಯಂತೆ. ಬೇರೆ ಪೇಂಟರನ್ನು ಕರೆಸಿದರೆ ಅವನು ಸುಣ್ಣ ಬಳಿದು ಹೊಸದಾಗಿ ಬರೆಯುತ್ತೇನೆ ಎಂದನಂತೆ, ಊರವರು ಒಪ್ಪಲಿಲ್ಲವಂತೆ. ಸತ್ತವನ ಕೈ ಇದೆ, ಅಳಿಸುವುದು ಹೇಗೆ ಎಂದರಂತೆ. ನನಗೆ ಆಗುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ.

"ನೀನೇನ್ ಬರೀಬ್ಯಾಡ. ಬಂದು ಸುಮ್ಮ ಕುಂದ್ರು, ಉಂಡು ಹೋಗುವಂತಿ."

ಹೋದೆ. ಮೊದಲ ದಿನ ಗೋಡೆಗೆ ಬೆನ್ನು ಹಾಕಿ ಕೂತು ರೊಟ್ಟಿ ಉಂಡು ಬಂದೆ. ಮುಂದಿನ ವಾರ ಮೈಲಾರಪ್ಪನವರ ತಾಯಿ ತಮ್ಮ ಬಾಗಿಲ ಮೇಲೆ ಮನೆದೇವರ ಹೆಸರು ಬರೆದುಕೊಡು ಎಂದರು. ಕಾಲು ಏಳುವುದಿಲ್ಲ ಅಜ್ಜಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಆ ಮುದುಕಿ ಎದ್ದು ಬಂದು ನನ್ನ ಹಿಂದೆ ನಿಂತು, ಬೆನ್ನಿಗೆ ಅಂಗೈ ಇಟ್ಟರು. "ಸರಿ ಹಿಂದಕ. ಎಲ್ಲಿಗ್ ಹೋಗ್ತಿ, ನಾನದೀನಿ" ಎಂದರು.

ಒಂದು ಹೆಜ್ಜೆ ಸರಿದೆ. ಕೈ ಅಲ್ಲಿಯೇ ಇತ್ತು. ಎರಡನೆಯದನ್ನೂ ಇಟ್ಟೆ. ಆ ಬಾಗಿಲು ಮುಗಿಯಲು ಮುಕ್ಕಾಲು ದಿನ ಹಿಡಿಯಿತು. ಸುದ್ದಿ ಓಣಿಗೆಲ್ಲ ಹಬ್ಬಿ, ನಮ್ಮ ಬಾಗಿಲಿಗೂ ಬರೆ ಎಂದು ಒಬ್ಬೊಬ್ಬರೇ ಕರೆದರು. ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಬೆನ್ನ ಹಿಂದೆ ನಿಲ್ಲುವುದು ರೂಢಿಯಾಯಿತು. ನೀರು ತರುವ ಸೊಸೆಯಂದಿರೂ ಕೊಡ ಇಳಿಸಿ, "ತಡೀರಿ ಅಣ್ಣಾರ, ನಾನ್ ನಿಂದರ್ತೀನಿ" ಎನ್ನುತ್ತಿದ್ದರು. ಹನ್ನೊಂದನೆಯ ಮನೆಯ ಹೊತ್ತಿಗೆ ಹಿಂದೆ ಯಾರಿದ್ದಾರೆಂದು ನಾನು ತಿರುಗಿ ನೋಡುವುದನ್ನು ಬಿಟ್ಟಿದ್ದೆ. ಗೋಡೆ ಹತ್ತುತ್ತೇನೆ ಎಂದು ಆ ದಿನ ನಾನೇ ಹೇಳಿದೆ.

ಸಾರುವೆ ಕಟ್ಟಿದ ಬೆಳಿಗ್ಗೆ ಹೋಗಿ ನೋಡಿದರೆ, ಹಲಗೆಯ ಹಿಂದೆ ಮೇಲಿಂದ ಕೆಳಗಿನವರೆಗೆ ಬಲೆ ಬಿಗಿದಿದ್ದರು. ರಾತ್ರಿ ಹೊಲದಲ್ಲಿ ಕುರಿ ತರುಬಲು ಸುತ್ತ ಕಟ್ಟುವ ಬಲೆಗಳು, ನಾಲ್ಕು ಮಂದೆಯವು. ಆ ರಾತ್ರಿ ಕುರಿಗಳನ್ನು ಏನು ಮಾಡಿದರೋ ನಾನು ಕೇಳಲಿಲ್ಲ. ಹತ್ತಿದೆ. ಮಾಸಿದ ಔಟ್‌ಲೈನಿನ ಒಳಗೆ ಬಣ್ಣ ತುಂಬುತ್ತ 'ಶಾಲೆ'ಯ ತುದಿಯಿಂದ ಈ ತುದಿಗೆ ಬಂದೆ. ಕೆಳಗೆ ನಿಂತು ಮುಖ್ಯೋಪಾಧ್ಯಾಯಿನಿಯವರು ಸರಿಯಿದೆ, ಸರಿಯಿದೆ ಎನ್ನುತ್ತಿದ್ದರು. ಕೊನೆಗೆ ಮೊದಲ ಪದದ ಮುಂದೆ ನಿಂತಾಗ ನೋಡಿದೆ. 'ಕಾ' ಮತ್ತು 'ರಿ' ನಡುವೆ ಕೊಟ್ರೇಶ ಐದು ಬೆರಳು ಜಾಗ ಬಿಟ್ಟಿದ್ದ. ಅರ್ಕಾವೊತ್ತಿಗೆಂದೇ ಅಳತೆ ಮಾಡಿ ಬಿಟ್ಟದ್ದು, ಪೆನ್ಸಿಲಿನ ಚುಕ್ಕೆಯೂ ಇತ್ತು. ಗೇಟಿನಿಂದ ಅದು ನನಗೆ ಕಂಡಿರಲಿಲ್ಲ. ಅವನು ಏನೂ ತಪ್ಪು ಮಾಡಿರಲಿಲ್ಲ.

ಹಲಗೆಯ ಮೇಲೆ ಕೂತು ಅತ್ತೆ, ಊರೆಲ್ಲ ನೋಡುತ್ತಿತ್ತು, ನೋಡಲಿ. ಆಮೇಲೆ ಎದ್ದು, ಅವನು ಬಿಟ್ಟ ಜಾಗದಲ್ಲಿ ಅರ್ಕಾವೊತ್ತು ಬರೆದು ಇಳಿದೆ.

ಬಲೆಯ ಆಚೆ ನೀಲಮ್ಮ ನಿಂತಿದ್ದಳು. ಮೈಲಾರಪ್ಪನವರು ಹೇಳಿಕಳಿಸಿದ್ದಕ್ಕೆ ಬೆಳಗಿನ ಬಸ್ಸಿಗೇ ಬಂದಿದ್ದಳಂತೆ. ಈ ಸಲ ಓಡಲು ಹಿತ್ತಿಲಿರಲಿಲ್ಲ. ಅವಳ ಮುಂದೆ ನಿಂತು ಎಲ್ಲ ಹೇಳಿದೆ. ಕಾಲು ಜಾರಲಿಲ್ಲ, ನಾನು ಕೂಗಿದೆ, ತಮಾಷೆಗೆ ಕೂಗಿದೆ, ಅದಕ್ಕೇ ಅವನು ಸರಿದ ಎಂದೆ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು.

"ಅದು ನನಗ ಗೊತ್ತೈತಿ ಅಣ್ಣಾ. ಇಲ್ಲಿ ಹುಡುಗ್ರು ಮಣ್ಣಿಗೆ ಬಂದಿದ್ವಲ್ಲ, ಆ ದಿನಾನ ಹೇಳಿದ್ವು. ಅದನ್ನ ಕೇಳಾಕ ನಿಮ್ಮನಿಗೆ ಬಂದಿದ್ದಿಲ್ಲ ನಾನು. ನೀನು ಕೂಗಿದಾಗ ಅವರ ಮಾರಿ ಹೆಂಗಿತ್ತು? ಹುಡುಗ್ರು ನಿನ್ನ ನೋಡಾಕ ಹತ್ತಿದ್ವಂತ. ನೀನೊಬ್ಬನ ಅವರನ್ನ ನೋಡಿದ್ದು."

ಆ ಮುಖ ನನಗೆ ದಿನವೂ ಕಾಣುತ್ತಿತ್ತು. ಅದನ್ನು ಒಮ್ಮೆಯೂ ಯಾರೆದುರೂ ಹೇಳಿರಲಿಲ್ಲ.

"ನಕ್ಕ ತಂಗೆಮ್ಮ" ಎಂದೆ. "ಬೈಯಾಕ ಬಾಯಿ ತಗದ, ನಗು ತಡಕೊಳ್ಳಾಕ ಆಗಲಿಲ್ಲ ಅವಗ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ.

ಈಗ ಮತ್ತೆ ಬರೆಯುತ್ತೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ, ಇದ್ದಷ್ಟು ಮಾಡುತ್ತೇನೆ. ಅಂಜಿಕೆ ಪೂರ್ತಿ ಹೋಗಿಲ್ಲ. ಬೆನ್ನಿಗೊಬ್ಬರು ನಿಲ್ಲಿ ಎಂದು ಕೇಳುವುದಕ್ಕೆ ಈಗ ನಾಚಿಕೆಯಿಲ್ಲ. ಆದರೆ ಆ ಗೋಡೆ ನನಗೆ ಕಲಿಸಿದ್ದು ಅಷ್ಟೇ ಅಲ್ಲ. ನನ್ನ ಭಯ ನನ್ನೊಬ್ಬನದು, ಅದರಿಂದ ಕೆಟ್ಟರೆ ನಾನೊಬ್ಬನೇ ಕೆಡುತ್ತೇನೆ ಎಂದುಕೊಂಡಿದ್ದೆ. ಗಂಡನ ಕೊನೆಯ ನಗು ಆ ಹೆಣ್ಣುಮಗಳಿಗೆ ಸೇರಬೇಕಾದದ್ದು. ಅದನ್ನು ಒಂದೂವರೆ ವರ್ಷ ನಾನು ಕೊಡದೆ ಇಟ್ಟುಕೊಂಡಿದ್ದೆ.