ಎಮ್ಮೆ ತವರಿಗೆ ಹೋದದ್ದು

ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಹುಲಿಗೆ ಊಟ ಹಾಕುವ ಹೊತ್ತಿಗೆ ಅಲ್ಲಿ ನಿಲ್ಲಬೇಡಿ. ನಿಲ್ಲಲೇಬೇಕೆಂದರೆ, ಮನೆಯಲ್ಲಿ ಮಕ್ಕಳಿಗೆ ಏನೇನು ಸುಳ್ಳು ಹೇಳಿದ್ದೀರಿ ಎಂಬುದನ್ನು ಹೊರಡುವ ಮೊದಲೇ ನೆನಪು ಮಾಡಿಕೊಳ್ಳಿ. ನಾನು ಮಾಡಿಕೊಳ್ಳಲಿಲ್ಲ. ಎಪ್ಪತ್ತರ ದಶಕದ ಮಾತು, ಆದರೂ ಈಗ ನೆನೆದರೆ ಮೈ ಉರಿಯುತ್ತದೆ.

ಆಗ ವಿಜಯನಗರದಲ್ಲಿ ಹತ್ತು ಮನೆ ಇದ್ದರೆ ಇಪ್ಪತ್ತು ಖಾಲಿ ಸೈಟು. ನನ್ನದು ಹಳೆಯ ಗೋಣಿಚೀಲ ಕೊಂಡು, ಹರಿದದ್ದನ್ನು ಹೊಲಿಸಿ ಮಾರುವ ವ್ಯಾಪಾರ. ಹದಿನಾರನೇ ವಯಸ್ಸಿನಲ್ಲಿ ಚೀಲಗಳ ಕಟ್ಟನ್ನು ತಲೆಯ ಮೇಲೆ ಹೊತ್ತು ಬೀದಿ ಬೀದಿ ತಿರುಗಿದವನು, ಗೋವಿಂದರಾಜನಗರದಲ್ಲಿ ಸ್ವಂತ ಅಂಗಡಿ ಇಡುವ ಮಟ್ಟಕ್ಕೆ ಬಂದಿದ್ದೆ. ಯಾರ ಹಂಗೂ ಇರಲಿಲ್ಲ. ವ್ಯಾಪಾರ ಕಲಿಯಬೇಕೆಂದು ಬಂದವರಿಗೆ ನಾನು ಹೇಳಿಕೊಡುತ್ತಿದ್ದ ಪಾಠ ಒಂದೇ. ಮಾರುವಾಗ ಬಾಯಿ ಮುಚ್ಚಿಕೊಂಡಿರು, ಮೊದಲ ಬೆಲೆ ಎದುರಿನವನ ಬಾಯಿಂದ ಬರಲಿ.

ಮನೆಯ ಹಿಂದೆ ತಗಡಿನ ಕೊಟ್ಟಿಗೆ ಹಾಕಿ ಒಂದು ಎಮ್ಮೆ ಕಟ್ಟಿದ್ದೆವು. ಹಾಲು ಕರೆಯುವುದು ನನ್ನ ಹೆಂಡತಿಯ ಕೆಲಸ. ಕಲಗಚ್ಚು ತರುವುದು ಮಗಳ ಕೆಲಸ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಅಕ್ಕಪಕ್ಕದ ನಾಲ್ಕು ಮನೆಯವರು ತೆಗೆದಿಟ್ಟದ್ದನ್ನೆಲ್ಲ ಏಳು ವರ್ಷದ ಹುಡುಗಿ ಬಕೆಟ್ಟಿನಲ್ಲಿ ಅರ್ಧ ಚೆಲ್ಲಿಕೊಂಡು ತಂದು ಬಾನಿಗೆ ಸುರಿಯುತ್ತಿದ್ದಳು. ಎಮ್ಮೆ ಬಾನಿಯಲ್ಲಿ ಮೂಗಿನವರೆಗೂ ಮುಖ ಇಳಿಸಿ ಕುಡಿಯುವಾಗ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಶಾಲೆಯ ಮಗ್ಗಿಯನ್ನು ಅದಕ್ಕೇ ಒಪ್ಪಿಸುತ್ತಿದ್ದಳು.

ಎಮ್ಮೆಯ ಹಾಲು ಬತ್ತಿತು. ಎರಡು ವರ್ಷ ಕಾದರೂ ಗಬ್ಬ ನಿಲ್ಲಲಿಲ್ಲ. ಹಿಂಡಿ ತಿನ್ನುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ದನದ ದಲ್ಲಾಳಿಯನ್ನು ಕರೆಸಿದೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಅದರಡಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಒತ್ತಿ ತಿಳಿಸುವುದು. ಅವನು ಎರಡು ಬೆರಳು ಹಿಡಿದರೆ ನಾನು ಮೂರನೆಯದನ್ನು ಅವನ ಅಂಗೈಗೆ ತುರುಕಿದೆ. ಅರ್ಧ ಗಂಟೆ ಹಾಗೇ ಕೂತು ಅವನನ್ನು ಬೆವರಿಳಿಸಿ, ಅವನು ಕೊಡಲಾರೆನೆಂದ ಬೆಲೆಯನ್ನೇ ಕೊಡಿಸಿಕೊಂಡೆ. ಗೊಡ್ಡು ಎಮ್ಮೆಗೆ ಆ ಬೆಲೆ ಯಾರಿಗೂ ಸಿಕ್ಕಿರಲಿಲ್ಲ, ಬೀದಿಯವರೆಲ್ಲ ಶಹಬ್ಬಾಸ್ ಅಂದರು. ಆದರೆ ಆ ಟವೆಲ್ಲಿನಡಿ ಬೆಲೆಯೊಂದನ್ನು ಬಿಟ್ಟು ಬೇರೇನೂ ಕೇಳಲು ಬರುವುದಿಲ್ಲ. ಎಲ್ಲಿಗೆ ಹೊಡೆದುಕೊಂಡು ಹೋಗುತ್ತೀಯ ಎನ್ನುವುದಕ್ಕೆ ಬೆರಳಿಲ್ಲ.

ಮಗಳು ಶಾಲೆಯಿಂದ ಬಂದಳು. ಕೊಟ್ಟಿಗೆ ಖಾಲಿ.

"ಅಪ್ಪಾ, ಎಮ್ಮೆ ಎಲ್ಲಿ?"

"ತವರಿಗೆ ಹೋಗಿದೆ ಕಣಮ್ಮ. ಕರು ಹಾಕ್ಕೊಂಡು ಬರುತ್ತೆ."

ನಾಲ್ಕು ವರ್ಷದ ಹಿಂದೆ ಅವಳ ಅಮ್ಮನೂ ತವರಿಗೆ ಹೋಗಿ, ತಮ್ಮನನ್ನು ಎತ್ತಿಕೊಂಡು ಬಂದಿದ್ದಳು. ಹಾಗಾಗಿ ಸುಳ್ಳು ಸಲೀಸಾಗಿ ಇಳಿಯಿತು. ಒಲೆಯ ಮುಂದೆ ಕೂತಿದ್ದ ಹೆಂಡತಿ ತಿರುಗಿ ನನ್ನನ್ನೊಮ್ಮೆ ನೋಡಿದಳು. ನನಗೋ ಒಳಗೊಳಗೇ ಜಂಬ. ಒಂದೇ ದಿನ ಎರಡು ವ್ಯಾಪಾರ ಕುದುರಿಸಿದೆ ಅಂತ.

ಮೂರು ವಾರ ಕಳೆಯುವಷ್ಟರಲ್ಲಿ ಜಂಬ ಇಳಿಯಿತು. "ಎಮ್ಮೆ ತವರು ಯಾವೂರು?" ಅಂದಳು. ಮಾಗಡಿ ಕಡೆ ಅಂದೆ. "ಭಾನುವಾರ ಹೋಗಿ ನೋಡ್ಕೊಂಡು ಬರಾಣ" ಅಂದಳು. ಈ ಭಾನುವಾರ ಆಗಲ್ಲ ಅಂದೆ. ಮುಂದಿನ ಭಾನುವಾರವೂ ಹಾಗೇ ಅಂದೆ. ಊಟಕ್ಕೆ ಕೂತರೆ ಅದೇ, ಮಲಗಿಸಿದರೆ ಅದೇ. ಆಗ ನನ್ನ ವ್ಯಾಪಾರದ ಬುದ್ಧಿ ಓಡಿತು. ಒಂದು ಎಮ್ಮೆಗಾಗಿ ಅಳುವವಳಿಗೆ ನೂರು ಪ್ರಾಣಿ ತೋರಿಸಿದರೆ ಮರೆಯುತ್ತಾಳೆ. ಹೆಂಡತಿ ಚಿತ್ರಾನ್ನ ಕಟ್ಟಿದಳು. ನಾಲ್ವರೂ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋದೆವು.

ಮೊದಮೊದಲು ಲೆಕ್ಕ ಸರಿಯಾಗೇ ಇತ್ತು. ಜಿರಾಫೆ ನಾಲಗೆ ಚಾಚಿದ್ದಕ್ಕೆ ಮಗಳು ಚಪ್ಪಾಳೆ ತಟ್ಟಿದಳು. ಮಗ ಒಂಟೆಯ ಮುಂದೆ ನಿಂತು, "ಇದಕ್ಕೆ ಬೆನ್ನು ಊದ್ಕೊಂಡಿದೆ" ಅಂತ ನೊಂದುಕೊಂಡ. ಹುಲಿಯ ಹತ್ತಿರ ಬಂದಾಗ ಅದು ನೆರಳಲ್ಲಿ ಅಂಗಾತ ಮಲಗಿತ್ತು. ಜನ ಸಿಳ್ಳೆ ಹೊಡೆದರೂ ಕಿವಿ ಆಡಿಸಲಿಲ್ಲ. ಒಬ್ಬ ಕಡಲೆಕಾಯಿ ಸಿಪ್ಪೆ ಎಸೆದ. ಮತ್ತೊಬ್ಬ, ಪ್ಯಾಂಟು ಇಸ್ತ್ರಿ ಮಾಡಿಸಿಕೊಂಡು ಬಂದ ಓದಿದ ಮನುಷ್ಯ, ಸಣ್ಣ ಕಲ್ಲು ಎತ್ತಿಕೊಂಡ. ಕೈ ಹಿಡಿದು ಕೇಳಿದೆ, "ನಿಮ್ಮ ಮನೆಗೆ ಬಂದು ನೀವು ಮಲಗಿದ್ದಾಗ ಕಲ್ಲು ಹೊಡೀಲಾ ಸಾರ್?" ಕಲ್ಲು ಬಿಸಾಕಿ ಗೊಣಗುತ್ತಾ ಹೋದ.

ಕಾವಲುಗಾರನನ್ನು ಕೇಳಿದಾಗ, "ಮಧ್ಯಾಹ್ನದ ಮೇಲೆ ಊಟ ಹಾಕ್ತಾರೆ, ಆವಾಗ ಬನ್ನಿ, ಚೆನ್ನಾಗಿ ಎದ್ದಿರುತ್ತೆ" ಅಂದ.

ಹೆಂಡತಿ ಅಲ್ಲೇ ತಡೆದಳು. "ಬೇಡ ರೀ. ಊಟ ಮಾಡೋವಾಗ ಯಾರಾದ್ರೂ ಇಣುಕಿದ್ರೆ ನೀವು ಬಾಗಿಲು ಹಾಕಿಸ್ತೀರ. ಅದನ್ನೇನು ನೋಡೋದು?"

"ದುಡ್ಡು ಕೊಟ್ಟು ಮಲಗಿರೋ ಹುಲಿ ನೋಡ್ಕೊಂಡು ಹೋಗೋಕೆ ನನಗೇನು ಹುಚ್ಚಾ ಕಣೇ?" ಅಂದೆ.

ಅರ್ಧ ಗಂಟೆ ಮೊದಲೇ ಹೋಗಿ ಕಂಬಿಯ ಹತ್ತಿರ ಜಾಗ ಹಿಡಿದೆ. ಮಗಳನ್ನು ಮುಂದೆ ನಿಲ್ಲಿಸಿದೆ. ಒಬ್ಬಾತ ಕೈಗಾಡಿ ತಳ್ಳಿಕೊಂಡು ಬಂದು, ಕೊಕ್ಕೆ ಹಾಕಿ, ತೊಡೆಯಷ್ಟು ದೊಡ್ಡ ಮಾಂಸದ ತುಂಡನ್ನು ಒಳಕ್ಕೆ ದೂಡಿದ. ಹುಲಿ ಎದ್ದಿತು. ನಮ್ಮ ಮನೆಗೆ ಮೊಟ್ಟೆಯನ್ನೂ ತರುತ್ತಿರಲಿಲ್ಲ, ಮಕ್ಕಳು ಮಾಂಸ ನೋಡಿದ್ದೇ ಅವತ್ತು.

"ಅದೇನು ಅಪ್ಪಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ, ಆಗ ಸಿಪ್ಪೆ ಎಸೆದಿದ್ದ ಕಡಲೆಕಾಯಿಯವ ಉತ್ತರ ಕೊಟ್ಟ. ಕೇಳದೇ ಇದ್ದರೂ ಪಾಠ ಹೇಳುವ ಜನ ಎಲ್ಲ ಕಡೆಯೂ ಇರುತ್ತಾರೆ. "ಎಮ್ಮೆ ಮಾಂಸ ಪಾಪು. ಹಾಲು ಬತ್ತಿದ ಎಮ್ಮೆ ಇರುತ್ತಲ್ಲ, ಅದನ್ನ ದಲ್ಲಾಳಿಗಳು ಕೊಂಡ್ಕೊಂಡು ಬಂದು ಕೊಡ್ತಾರೆ. ಹುಲಿಗೂ ಹೊಟ್ಟೆ ತುಂಬಬೇಕಲ್ವಾ?"

ಮಗಳು ಹುಲಿಯನ್ನು ಬಿಟ್ಟು ನನ್ನನ್ನು ನೋಡಿದಳು.

"ನಮ್ಮ ಎಮ್ಮೇದೂ ಬತ್ತಿತ್ತು."

"ನಮ್ಮದು ತವರಲ್ಲಿದೆ ಕಣಮ್ಮ."

"ಅಮ್ಮ ತವರಿಗೆ ಹೋಗ್ವಾಗ ಎಲ್ಲ ತಗೊಂಡು ಹೋಗಿದ್ಲು, ಬಾಚಣಿಗೆ ಕೂಡ. ಎಮ್ಮೆ ಹಗ್ಗ ಮೊಳೇಲೇ ಇದೆ."

ದನ ಮಾರುವವರು ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂಬ ನಂಬಿಕೆ. ಅದನ್ನು ಬಿಚ್ಚಿ ಮೊಳೆಗೆ ನೇತುಹಾಕಿದವನು ನಾನೇ.

"ಸುಳ್ಳಪ್ಪ! ನೀನು ಸುಳ್ಳಪ್ಪ! ಅದು ನಮ್ಮದೇ!" ಎಂದು ಕಂಬಿ ಹಿಡಿದು ಕಿರುಚಿದಳು. ಸುತ್ತಲಿದ್ದವರು ಹುಲಿ ಬಿಟ್ಟು ನಮ್ಮ ಕಡೆ ತಿರುಗಿದರು. "ಲಾಯರ್ ಆಗ್ತಾಳೆ ಬಿಡಿ ಯಜಮಾನ್ರೇ" ಅಂದ ಕಡಲೆಕಾಯಿಯವ. ಹೋ ಎಂದು ನಗು.

ಅವನಿಗೆ ಬಾರಿಸಬೇಕಿತ್ತು. ಮಗಳಿಗೆ ಬಾರಿಸಿದೆ. ಕೆನ್ನೆಯ ಮೇಲೆ ನನ್ನ ಬೆರಳು ಮೂಡುವಷ್ಟು. ನಗು ತಟ್ಟನೆ ನಿಂತಿತು, ಕಿರುಚಾಟವೂ ನಿಂತಿತು. ಅವಳು ಅಮ್ಮನ ಸೀರೆಯ ಹಿಂದೆ ಹೋದಳು. ವಾಪಸು ಬರುವ ರೈಲು ರಾಮನಗರ ದಾಟಿತು. ಆಮೇಲೆ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು:

"ಮಗು ಕೇಳಿದ್ದು ಒಂದೇ ಮಾತು. ಅದಕ್ಕೆ ನಿಮ್ಮ ಹತ್ರ ಇದ್ದಿದ್ದು ಇದೇನಾ? ನಾಳೆ ಮತ್ತೆ ಕೇಳ್ತಾಳೆ. ಆವಾಗ ಏನು ಕೊಡ್ತೀರ?"

ಮಾರನೆಯ ದಿನ ಅಂಗಡಿ ತೆರೆಯದೆ ದಲ್ಲಾಳಿಯನ್ನು ಹುಡುಕಿಕೊಂಡು ಹೋದೆ. ಮೈಸೂರು ರಸ್ತೆಯ ಒಂದು ಟೀ ಅಂಗಡಿಯ ಬೆಂಚಿನ ಮೇಲೆ, ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

"ಏನಯ್ಯಾ, ನಮ್ಮ ಎಮ್ಮೆ ಎಲ್ಲಿ?"

"ಯಾವ ಎಮ್ಮೆ ಅಣ್ಣಾ?"

"ಇನ್ನೂ ತಿಂಗಳು ಆಗಿಲ್ಲ, ಯಾವ ಎಮ್ಮೆ ಅಂತೀಯಾ? ವಿಜಯನಗರದ್ದು!"

"ಓ, ಅದಾ." ಅವನು ಬನ್ನನ್ನು ಪೂರ್ತಿ ನುಂಗಿದ. "ಅವತ್ತೇ ಹೋಯ್ತಲ್ಲ. ಇನ್ನೊಬ್ಬನಿಗೆ ದಾಟಿಸಿದೆ. ಅವನು ಕಡಿಯೋರಿಗೆ ಕೊಟ್ಟಿರ್ತಾನೆ. ಹುಲಿಗೋ ಹೋಟ್ಲಿಗೋ, ನಂಗ್ಯಾಕೆ?"

"ಮೊದ್ಲೇ ಹೇಳಬಾರದಾಗಿತ್ತೇನೋ!" ಎಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ. ಟೀ ಚೆಲ್ಲದ ಹಾಗೆ ಲೋಟವನ್ನು ಮಾತ್ರ ಆಚೆ ಹಿಡಿದ.

"ನೀವು ಕೇಳಿದ್ರಾ? ಹಲ್ಲಿಲ್ಲದ ಗೊಡ್ಡೆಮ್ಮೆಗೆ ಅಷ್ಟು ಬೆಲೆ ಕೊಟ್ಟು ತಗೊಂಡೋಗಿ ಪೂಜೆ ಮಾಡ್ತಾರಾ ಅಣ್ಣಾ? ತೂಕಕ್ಕೆ ಕೊಟ್ಟ ಬೆಲೆ ಅದು. ನಿಮಗೆ ಗೊತ್ತಿತ್ತು."

ಗೊತ್ತಿತ್ತು. ಅದೇ ಸಿಟ್ಟು. ಅವನು ಸುಳ್ಳು ಹೇಳಿದ್ದರೆ ಎರಡು ಕೊಟ್ಟು ಸಮಾಧಾನ ಮಾಡಿಕೊಂಡು ಬರಬಹುದಿತ್ತು. ಹಸು ಕಡಿದರೆ ಊರೇ ಎದ್ದು ಕೂಗುತ್ತದೆ, ಎಮ್ಮೆಗೆ ಯಾರೂ ಇಲ್ಲ. ಬೀದಿಯ ತುಂಬ ಎಮ್ಮೆಯ ಗಟ್ಟಿ ಮೊಸರು ತಿಂದವರೇ, ನನಗೆ ಶಹಬ್ಬಾಸ್ ಅಂದವರೂ ಅವರೇ. ಅವರಿಗೂ ಗೊತ್ತಿತ್ತು. ಏಳು ವರ್ಷದವಳೊಬ್ಬಳನ್ನು ಬಿಟ್ಟು ವಿಜಯನಗರಕ್ಕೆಲ್ಲ ಗೊತ್ತಿತ್ತು. ಅವನ ಅಂಗಿ ಬಿಟ್ಟು ಮನೆಗೆ ನಡೆದೇ ಬಂದೆ.

ದಾರಿಯುದ್ದಕ್ಕೂ ಹೊಸ ಸುಳ್ಳು ಹುಡುಕಿದೆ ಎಂದು ಒಪ್ಪಿಕೊಳ್ಳುತ್ತೇನೆ. ಕಾಯಿಲೆ ಬಂತು ಅನ್ನಲೇ, ಕಾಡಿಗೆ ಓಡಿಹೋಯಿತು ಅನ್ನಲೇ? ಸಂಜೆ ಅವಳು ಶಾಲೆಯಿಂದ ಬಂದಾಗ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಕೆನ್ನೆ ಇನ್ನೂ ಸ್ವಲ್ಪ ಕೆಂಪಗಿತ್ತು.

"ತವರಿಗೆ ಹೋಗಿಲ್ಲ ಕಣಮ್ಮ. ನಾನೇ ಮಾರಿದೆ. ಕಡಿಯೋರಿಗೆ ಹೋಯ್ತು. ನಿನ್ನೆ ನೋಡಿದ್ದು ನಮ್ಮದೇನಾ ಅಂತ ಗೊತ್ತಿಲ್ಲ. ನಮ್ಮದಕ್ಕೂ ಹಾಗೇ ಆಗಿರುತ್ತೆ."

"ಯಾವತ್ತು?"

"ಅವತ್ತೇ."

ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಎದ್ದು ಬಚ್ಚಲಿನ ಕಡೆ ನಡೆದಳು, ನಾನೂ ಹಿಂದೆ ಹೋದೆ. ಸೌದೆ ರಾಶಿಯ ಹಿಂದೆ ಹುಲ್ಲು. ಖಾಲಿ ಸೈಟುಗಳಿಂದ ಕಿತ್ತು ತಂದು, ಹಿಡಿ ಹಿಡಿ ಜೋಡಿಸಿ, ಬಾಳೆನಾರಿನಲ್ಲಿ ಕಟ್ಟಿಟ್ಟ ಸಣ್ಣ ಸಣ್ಣ ಕಂತೆಗಳು. ದಿನಕ್ಕೊಂದು ಇರಬೇಕು. ಕೆಳಗಿನವು ಒಣಗಿ ಮುಗ್ಗಲು ಹಿಡಿದಿದ್ದವು. ಮೇಲಿನದು ಇನ್ನೂ ಹಸಿರಾಗಿತ್ತು.

"ಬಾಣಂತಿ ಎಮ್ಮೆಗೆ ಅಂತ ಇಟ್ಟಿದ್ದೆ," ಅಂದಳು. "ನೀನೇ ತೆಗಿ. ನಾನು ತೆಗೆಯಲ್ಲ."

ಹೆಂಡತಿ ಪೊರಕೆ ತಂದಳು. ಬೇಡ ಎಂದು ಕೈಯಲ್ಲೇ ಬಾಚಿದೆ. ಮಗಳು ಬಚ್ಚಲಿನ ಬಾಗಿಲಲ್ಲಿ ನಿಂತು, ಕೊನೆಯ ಕಡ್ಡಿ ಎತ್ತುವವರೆಗೂ ನೋಡಿದಳು.