ಬಾವಡಿಯೊಳಗಿನ ನೀಲಿ

ಬಾವಡಿಯ ನೀರು ನೀಲಿಯಾದದ್ದು ನಿಮ್ಮ ಬಣ್ಣದ ಮಣ್ಣಿನ ಹರವಿಗಳಿಂದಲ್ಲ, ಹಸೀನಾ ಆಪಾ. ಅದು ನನ್ನ ಬಚ್ಚಲಿಂದ ಹೋದ ನೀಲಿ. ನನಗೆ ಆವತ್ತೇ ಗೊತ್ತಿತ್ತು — ಓಣಿಯ ಮಂದಿ ನಿಮ್ಮ ಬಾಗಿಲ ಮುಂದೆ ನಿಂತು ಕೂಗುವಾಗ ಗೊತ್ತಿತ್ತು, ನೀವು ನನ್ನ ಮುಖ ನೋಡಿ ಕೇಳಿದಾಗಲೂ ಗೊತ್ತಿತ್ತು. ಸುಮ್ಮನಾದರೂ ಇದ್ದೆನೇ? ಇಲ್ಲ. ಬಾಯಿ ಬಿಟ್ಟು ಸುಳ್ಳು ಹೇಳಿದೆ.

ಈಗಲೂ ಆ ಬಾವಡಿ ಕನಸಿಗೆ ಬರುತ್ತದೆ. ನಾನು ಮೆಟ್ಟಿಲು ಇಳಿಯುತ್ತೇನೆ, ಇಳಿದಷ್ಟೂ ಮೆಟ್ಟಿಲು. ಕಮಾನಿನ ಸಂದಿಯಿಂದ ಪಾರಿವಾಳಗಳು ಹಾರುತ್ತವೆ, ರೆಕ್ಕೆಯ ಸಪ್ಪಳವೇ ಇಲ್ಲ. ಕೊನೆಯ ಮೆಟ್ಟಿಲ ಮೇಲೆ ನೀವು ಕೂತು ಕೈ ತೊಳೆಯುತ್ತಿರುತ್ತೀರಿ. ನೀರು ನೀಲಿ, ಕಲ್ಲು ನೀಲಿ, ಮೇಲಿನ ಆಕಾಶವೂ ಕೆಳಗೆ ಇಳಿದು ಬಂದ ಹಾಗೆ — ನಿಮ್ಮನ್ನು ಕರೆಯಬೇಕೆನ್ನುವಷ್ಟರಲ್ಲಿ ಎಚ್ಚರವಾಗುತ್ತದೆ. ಎದ್ದು ಕೂತು ನೀರು ಕುಡಿಯುತ್ತೇನೆ.

ಬೇರೆಯವರೂ ಇದನ್ನು ಓದಿಯಾರು. ಅವರಿಗಾಗಿ ಮೊದಲಿಂದ ಹೇಳುತ್ತೇನೆ. ಅರವತ್ತರ ದಶಕದ ಮೊದಲ ವರ್ಷಗಳು, ಊರಿಗೆ ಆಗ ಬಿಜಾಪುರ ಎಂದೇ ಹೆಸರು. ನಾನು ಕಳ್ಳಕವಟಗಿಯಿಂದ ಗಾಂಧಿ ಚೌಕದ ಹಿಂದಿನ ಓಣಿಗೆ ಸೊಸೆಯಾಗಿ ಬಂದವಳು. ಪಕ್ಕದ ಗೋಡೆಯೇ ನಿಮ್ಮದು. ಗಂಡ ತೀರಿದ ಮೇಲೆ ನೀವು ರುಮಾಲು, ಸೀರೆಗಳಿಗೆ ಬಣ್ಣ ಹಾಕಿ ಒಬ್ಬಳೇ ಮಗಳನ್ನು ಸಾಕುತ್ತಿದ್ದಿರಿ. ನಿಮ್ಮ ಕೈ ಮಣಿಕಟ್ಟಿನ ತನಕ ಸದಾ ನೀಲಿ. "ಆಪಾ, ನೀವು ತಟ್ಟಿದ ರೊಟ್ಟಿನೂ ನೀಲಿ ಆಗತಾವೇನ್ರಿ?" ಎಂದು ನಾನು ಕಾಡಿದರೆ, "ಬಾ ಬೇ, ನಿನ್ನ ನಾಲಿಗಿಗೂ ಒಂದೀಟು ಹಚ್ಚತೀನಿ, ಮಾತಾರ ಕಡಿಮಿ ಆಗತಾವ" ಎನ್ನುತ್ತಿದ್ದಿರಿ. ಹಚ್ಚಿಬಿಟ್ಟಿದ್ದರೆ ಚೆನ್ನಾಗಿತ್ತು, ಆಪಾ.

ಆಗ ಓಣಿಗೆಲ್ಲ ಒಂದೇ ಗಟಾರ. ಬಚ್ಚಲು, ಸಂಡಾಸು, ಮಳೆ — ಎಲ್ಲದರ ನೀರೂ ಅದರಲ್ಲೇ. ಜೋರು ಮಳೆ ಬಂದರೆ ಹೊಲಸೆಲ್ಲ ಹೊಸ್ತಿಲು ದಾಟಿ ಒಲೆಯ ಹತ್ತಿರ ಬರುತ್ತಿತ್ತು. ಮುನಸಿಪಾಲ್ಟಿಯವರು ಓಣಿ ಅಗೆದು ಎರಡು ದಾರಿ ಮಾಡಿದರು. ಹೊಲಸು ನೀರು ಕೊಳವೆಯಲ್ಲಿ ಊರ ಹೊರಗೆ, ಮಳೆನೀರು ಬೇರೆ ಗಟಾರದಲ್ಲಿ ಓಣಿಯ ಕೆಳತುದಿಯ ಹಳೆಯ ಮೆಟ್ಟಿಲಬಾವಿಗೆ, ನಮ್ಮ ಬಾವಡಿಗೆ. ಕೆಲಸ ನೋಡುವ ಸಾಹೇಬರು ಮನೆಮನೆಗೆ ಬಂದು ಹೇಳಿದರು — "ಮಳಿ ಗಟಾರಕ್ಕ ಮಳಿ ಬಿಟ್ಟು ಮತ್ತೇನೂ ಬಿಡಬ್ಯಾಡ್ರಿ. ನೀವು ಕುಡಿಯೂ ನೀರಿಗೇ ಹೋಗಿ ಕೂಡತೈತಿ ಅದು."

ಎಲ್ಲರೂ ತಲೆ ಆಡಿಸಿದೆವು. ಆದರೆ ನಮ್ಮತ್ತೆಗೆ ಸಿಟ್ಟು ನೆತ್ತಿಗೇರಿತ್ತು. ಬಾಣಂತಿಯಾದವಳು ಬಚ್ಚಲಿಗೆ ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡುವುದು ನಮ್ಮಲ್ಲಿ ಪದ್ಧತಿ. ನಾನು ಮಗನನ್ನು ಹೆತ್ತು ಆ ಪೂಜೆ ಮಾಡಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. "ಗಂಗವ್ವ ಕುಂತ ಜಾಗಾ ಅದು. ಆ ನೀರು ಸಂಡಾಸದ ನೀರಿನ ಕೂಡ ಹರೀಬೇಕಂತ? ನಾ ಇರೂತನಾ ಆಗೂದಿಲ್ಲ!" ಗಂಡ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಮನೆಯ ಜಗಳದಲ್ಲಿ ಅವರು ಮಣ್ಣಿನ ಬಸವಣ್ಣ.

ಆದರೆ ಗಟಾರ ಕಟ್ಟುತ್ತಿದ್ದ ಗೌಂಡಿಯನ್ನು ಒಳಗೆ ಕರೆದವಳು ಅತ್ತೆಯಲ್ಲ, ನಾನು. ಅವನು ನನ್ನ ತವರೂರಿನವನು. ರೊಟ್ಟಿ, ಹಿಂಡಿ ಪಲ್ಯ ಬಡಿಸಿ ಕೂತೆ. "ಅಣ್ಣಾ, ಬಚ್ಚಲ ನೀರು ಮಳಿ ಗಟಾರಕ್ಕ ಕೂಡಿಸಿಕೊಡು. ತಂಗಿ ಮಾತು ಮೀರತೀ?" ಅವನು ಉಂಡು ಕೈ ತೊಳೆದ. ಆಮೇಲೆ ಕೂಡಿಸಿದ. ಮೇಲೆ ಫರಸಿ ಕಲ್ಲು ಹಾಸಿದ. ಅತ್ತೆ ನನ್ನನ್ನು ಜಾಣ ಸೊಸೆ ಎಂದರು, ನಾನೂ ಉಬ್ಬಿದೆ. ಮೈ ತೊಳೆದ ನೀರು ಎಷ್ಟರ ಹೊಲಸು ಎಂದುಕೊಂಡೆ. ಕೂಸಿನ ಬಟ್ಟೆ ತೊಳೆದದ್ದೂ ಅಲ್ಲೇ ಎಂಬುದನ್ನು ನೆನೆಯಲಿಲ್ಲ — ಇಲ್ಲ, ನೆನೆದೆ. ನೆನೆದು ಬದಿಗಿಟ್ಟೆ.

ಬೇಸಿಗೆ ಬಂತು. ಬಾವಡಿಯ ನೀರು ತಳಕ್ಕಿಳಿಯಿತು. ಓಣಿಯ ಮಕ್ಕಳಿಗೆ ಒಂದೊಂದಾಗಿ ಹೊಟ್ಟೆ ಕೆಡತೊಡಗಿತು.

ಆ ಬೆಳಿಗ್ಗೆ ನಾನು ಗಂಡನ ಧೋತರಗಳಿಗೆ ನೀಲಿ ಹಾಕುತ್ತಿದ್ದೆ. ಚಿಟಿಕೆ ಹಾಕುವಲ್ಲಿ ಪೊಟ್ಟಣವೇ ಜಾರಿ ಬಕೀಟಿಗೆ ಬಿತ್ತು. ಅತ್ತೆ ನೋಡುವ ಮೊದಲು ಎಲ್ಲವನ್ನೂ ಬಚ್ಚಲಿಗೆ ಸುರಿದೆ. ಸ್ವಲ್ಪ ಹೊತ್ತಿಗೆ ಬಾವಡಿಯ ಕಡೆಯಿಂದ ಗದ್ದಲ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಓಡಿದೆ. ಮೇಲಿಂದ ಬಗ್ಗಿ ನೋಡಿದರೆ ಕೆಳಗಿನ ಆ ಒಂದಿಷ್ಟು ನೀರಿನಲ್ಲಿ ನೀಲಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು, ಸೀರೆಯ ಮಡಿಕೆ ಒಂದೊಂದೇ ಬಿಚ್ಚಿದ ಹಾಗೆ. ಎಷ್ಟು ಚಂದ ಇತ್ತು, ಆಪಾ! ಒಂದು ಗಳಿಗೆ ಬರೀ ಚಂದವನ್ನೇ ನೋಡಿದೆ. ಆಮೇಲೆ ಮಳೆ ಗಟಾರದ ಬಾಯಿ ಕಂಡಿತು. ಒಂದು ಹನಿ ಮಳೆಯಿಲ್ಲದ ಆ ದಿನಗಳಲ್ಲಿ ಅದರಿಂದ ನೀಲಿ ತೊಟ್ಟಿಕ್ಕುತ್ತಿತ್ತು. ಕುಂಬಳಕಾಯಿ ಕಳ್ಳನ ಹಾಗೆ ನಾನು ಸುತ್ತಲೂ ನೋಡಿದೆ. ನನ್ನನ್ನು ಯಾರೂ ನೋಡುತ್ತಿರಲಿಲ್ಲ.

ಎಲ್ಲರೂ ನಿಮ್ಮ ಮನೆಯ ಕಡೆ ನಡೆದಿದ್ದರು. ಎದುರುಮನೆಯ ಕಾಶವ್ವ ಎಲ್ಲರಿಗಿಂತ ಮುಂದೆ. "ಓಣ್ಯಾಗ ಬಣ್ಣಾ ಮಾಡಾಕಿ ಇಕಿ ಒಬ್ಬಾಕೀನ! ನಮ್ಮ ಹುಡುಗರ ಹೊಟ್ಟಿ ಕೆಡಿಸಿದಾಕಿನೂ ಇಕೀನ! ಕಳ್ಳಿ!" ಹೊಲಸಿನ ದಾರಿಗೆ ಕೂಡಿದ್ದ ನಿಮ್ಮ ಕೊಳವೆಯನ್ನು ನೀವು ತೋರಿಸಿದಿರಿ. ಯಾರು ನೋಡುತ್ತಾರೆ? ಆಗ ನೀವು ನನ್ನ ಕಡೆ ತಿರುಗಿದಿರಿ.

"ಶಾಂತವ್ವಾ, ನನ್ನ ನೀರು ಯಾವ ಕಡಿ ಹೋಗತೈತಿ, ನೀ ದಿನಾ ನೋಡತಿ. ಒಂದು ಮಾತು ಹೇಳ್ ಬೇ."

"ನಾ ಏನೂ ನೋಡಿಲ್ರಿ ಆಪಾ. ಕೂಸಿನ ಕೆಲಸದಾಗ ನಾ ಹೊರಗ ಎಲ್ಲಿ ಬರತೀನಿ?"

ಓಣಿಯ ನಡುವೆ ನಿಂತೇ ಹೀಗೆಂದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಒರೆಸಿದ್ದು ನಿಮ್ಮ ಅನ್ನಕ್ಕೆ. ಸಾಹೇಬರು ಬರುವ ಮೊದಲೇ ನಿಮ್ಮ ಹರವಿಗಳು ಒಡೆದಿದ್ದವು. ವಾರ ಕಳೆಯುವುದರೊಳಗೆ ನೀವು ಮಗಳ ಕೈ ಹಿಡಿದು ತಿಕೋಟಾದ ಅಕ್ಕನ ಮನೆಗೆ ಹೋದಿರಿ.

ಅದಕ್ಕಿಂತ ಕೆಟ್ಟದ್ದೊಂದು ಇನ್ನೂ ಇದೆ. ಅಂಜಿಕೆಯಿಂದ ನಾನು ಬಚ್ಚಲಿನ ತೂತಿಗೆ ಅರಿವೆ ತುರುಕಿ, ನೀರನ್ನು ಬಕೀಟಿನಲ್ಲಿ ಹೊತ್ತು ಹೊಲಸಿನ ಕೊಳವೆಗೆ ಸುರಿಯತೊಡಗಿದೆ. ಅತ್ತೆ ನೋಡಿದರು, ಯಾಕೆ ಎಂದು ಕೇಳಲೇ ಇಲ್ಲ. ಬಾವಡಿ ತಿಳಿಯಾಯಿತು, ಮಕ್ಕಳು ಚೇತರಿಸಿಕೊಂಡರು. "ನೋಡಿದಿರಿಲ್ಲೋ, ಆಕಿ ಹೋದ್ಲು, ನೀರು ಸ್ವಚ್ಛ ಆತು" ಎಂದಳು ಕಾಶವ್ವ. ನಾನು ಹೂಂ ಎಂದೆ.

ಮಗ ಸಾಲೆಗೆ ಹೋಗುವ ವಯಸ್ಸಿನವನಾದಾಗ, ತವರಿಗೆ ಹೋಗುವ ದಾರಿಯಲ್ಲಿ ತಿಕೋಟಾದ ಬಸ್ ನಿಲ್ದಾಣದಲ್ಲಿ ನೀವು ಕಂಡಿರಿ. ಮುಂದೆ ಸೊಪ್ಪಿನ ಬುಟ್ಟಿ. ಮೊದಲು ಗುರುತೇ ಹತ್ತಲಿಲ್ಲ — ನಿಮ್ಮ ಕೈಯಲ್ಲಿ ಬಣ್ಣವಿರಲಿಲ್ಲ. ಅಷ್ಟು ಸ್ವಚ್ಛವಾದ ಕೈ ನೋಡಿ ನನಗೆ ಅಳು ಬಂತು. ನೀವು ಬೈಯಲಿಲ್ಲ. ಮಗನನ್ನು ಹತ್ತಿರ ಕರೆದು ಗಲ್ಲ ಹಿಡಿದಿರಿ. ಅವನ ಬಿಳಿ ಅಂಗಿಯ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದಿರಿ.

"ನೀಲಿ ಈಗ ಹದಕ್ಕ ಹಾಕಾಕತ್ತಿ, ಶಾಂತವ್ವಾ. ಆವತ್ತು ಭಾಳ ಆಗಿತ್ತು."

ಅಷ್ಟೇ ಅಂದದ್ದು. ಬಣ್ಣದಲ್ಲೇ ಬದುಕಿದ ಹೆಂಗಸಿಗೆ ಧೋತರದ ನೀಲಿ ಯಾವುದು, ರುಮಾಲಿನ ನೀಲಿ ಯಾವುದು ಎಂದು ತಿಳಿಯದೇ ಇರುತ್ತದೆಯೇ! ಹಾಗಾದರೆ ಆವತ್ತು ಓಣಿಯಲ್ಲಿ ನೀವು ನನ್ನನ್ನು ಕೇಳಿದ್ದು ಎಲ್ಲ ತಿಳಿದೇ. ನನ್ನ ಹೆಸರು ಎತ್ತದೆ, ನಾನೇ ಹೇಳಲಿ ಎಂದು ಕಾದಿರಿ. ಬಸ್ಸು ಹಾರ್ನ್ ಹೊಡೆಯಿತು. ನಾನು ಮಗನ ಕೈ ಎಳೆದುಕೊಂಡು ಹತ್ತಿಬಿಟ್ಟೆ.

ತವರಿಂದ ಬಂದವಳೇ ಫರಸಿ ಕೀಳಿಸಿ, ಬಚ್ಚಲನ್ನು ಹೊಲಸಿನ ಕೊಳವೆಗೆ ಕೂಡಿಸಿದೆ. ಯಾಕೆ ಎಂದು ಓಣಿಯಲ್ಲಿ ಕೇಳಿದವರಿಗೆ ಹೆಗ್ಗಣದ ಕಾಟ ಎಂದೆ. ಮತ್ತೆ ಸುಳ್ಳು.

ಈಗ ಮನೆಮನೆಗೆ ನಳ ಬಂದಿದೆ, ಬಾವಡಿಗೆ ಯಾರೂ ಇಳಿಯುವುದಿಲ್ಲ. ಅತ್ತೆ ಇಲ್ಲ, ಗೌಂಡಿ ಅಣ್ಣ ಇಲ್ಲ. ಅವರಿದ್ದರೂ ತಪ್ಪನ್ನು ಅವರ ಮೇಲೆ ಹಾಕಲಾರೆ. ಆ ಮಾತು ಆಡಿದ ನಾಲಿಗೆ ನನ್ನದು. ಕಾಶವ್ವ ಇನ್ನೂ ಇದ್ದಾಳೆ, ಕಿವಿ ಸ್ವಲ್ಪ ಮಂದ. ನಾಳೆ ಮೊದಲು ಅವಳ ಕಟ್ಟೆಗೆ ಹೋಗಿ ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ತಿಕೋಟಾದ ಬಸ್ಸು. ನೀವಿದ್ದರೆ ನಿಮ್ಮ ಮುಂದೆ, ಇಲ್ಲದಿದ್ದರೆ ನಿಮ್ಮ ಮಗಳ ಮುಂದೆ. ಒಳಗೆ ಕರೆದರೂ ಬರುವುದಿಲ್ಲ, ಆಪಾ. ಬಾಗಿಲ ಹೊರಗೆ, ನಾಲ್ಕು ಮಂದಿಗೆ ಕೇಳುವಂತೆ ನಿಂತೇ ಹೇಳುತ್ತೇನೆ. ನಿಮ್ಮನ್ನು ಕಳ್ಳಿ ಎಂದದ್ದೂ ಓಣಿಯಲ್ಲೇ ಅಲ್ಲವೇ.