ಒಣ ಬೂದಿಯ ಪೂವಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೇಣೂರು ಪೇಟೆಯಲ್ಲಿ ಅಬ್ದುಲ್ ನಾಸಿರ್ ಅವರ ಬೀಜದಂಗಡಿಯ ಹಿಂದಿನ ಅಂಗಳದಲ್ಲಿ ಪೂವಮ್ಮ ಉದ್ದಿನ ರಾಶಿಗೆ ಭತ್ತದ ಉಮಿಯ ಬೂದಿ ಸುರಿದು ಎರಡೂ ಕೈಯಿಂದ ಉಜ್ಜುತ್ತಿದ್ದಾರೆ. ಗಾಳಿ ಏಳುವ ಮೊದಲು ಮುಗಿಯಬೇಕು. ಕೆಮ್ಮು ಬಂದಾಗ ರಾಶಿಯಿಂದ ಮುಖ ತಿರುಗಿಸುತ್ತಾರೆ. "ಎಂಜಲು ಬಿದ್ರೆ ಬೂದಿ ಹಸಿ ಆಗ್ತದೆ. ಮತ್ತೆ ಅದು ಯಾವುದಕ್ಕೂ ಆಗುದಿಲ್ಲ."

ಬೇಸಿಗೆಯಲ್ಲಿ ಕೊಯ್ದ ಈ ಉದ್ದು ಡಿಸೆಂಬರಿನ ಬಿತ್ತನೆಯವರೆಗೆ ಉಳಿಯಬೇಕು. ನಡುವೆ ಮಳೆಗಾಲ, ಜೊತೆಗೆ ಕುಟ್ಟೆಹುಳ. ಕಾಳು ಕೊರೆದು ಹೊರಬರುವ ಈ ಹುಳಕ್ಕೆ ಚೀಲದೊಳಗೆ ಕುಡಿಯಲು ಹನಿ ನೀರಿಲ್ಲ. ಇರುವುದು ಮೈಯೊಳಗಿನ ನೀರು ಮಾತ್ರ. ಅದು ಆರದಂತೆ ಮೈಮೇಲೆ ತೆಳುವಾದ ಮೇಣದ ಪದರವಿದೆ. ಉಸಿರಾಡುವ ಸಣ್ಣ ತೂತುಗಳನ್ನೂ ಹುಳ ಬೇಕಾದಾಗಷ್ಟೇ ತೆರೆಯುತ್ತದೆ. ಬೂದಿಯ ಒರಟು ಕಣಗಳು ಆ ಮೇಣವನ್ನು ಗೀರಿ ಹೀರುತ್ತವೆ. ಹುಳ ಒಣಗಿ ಸಾಯುತ್ತದೆ.

ಅದೇ ಕಣಗಳು ಪೂವಮ್ಮನ ಎದೆಯಲ್ಲೂ ಕೂತಿವೆ. ಮೊದಲು ಬೀಡಿ ಕಟ್ಟುತ್ತಿದ್ದರು. ಎಲೆ ಸಿಗುವುದು ಕಮ್ಮಿಯಾದ ಮೇಲೆ ಇಲ್ಲಿಗೆ ಬಂದರು. ಈಗ ಬೆಳ್ತಂಗಡಿಯ ವೈದ್ಯರು ಎಕ್ಸ್‌ರೇ ನೋಡಿ ಬೂದಿ ಮುಟ್ಟಬೇಡಿ ಎಂದಿದ್ದಾರೆ.

ಹೋದ ವರ್ಷ ಉಸಿರು ಕಟ್ಟಿದಾಗ, ಧೂಳು ಏಳದಿರಲಿ ಎಂದು ಅವರು ಬೂದಿಗೆ ನೀರು ಚಿಮುಕಿಸಿದರು. ಹಸಿ ಬೂದಿ ಮೇಣ ಹೀರುವುದಿಲ್ಲ; ಹುಳಕ್ಕೆ ಏನೂ ಆಗಲಿಲ್ಲ. ಲಾಯಿಲದ ಕೃಷಿಕ ವಸಂತ ಡಿಸೆಂಬರಿನಲ್ಲಿ ಇಲ್ಲಿಂದ ಒಯ್ದ ಚೀಲ ಬಿಚ್ಚಿದರೆ ಕಾಳೆಲ್ಲ ತೂತು. ನೀರಿನ ವಿಷಯ ತಿಳಿದು ಅಂಗಡಿಯಲ್ಲಿ ಎಲ್ಲರೆದುರೇ ಕೇಳಿದರು: "ಎಂತ ಪೂವಕ್ಕ, ಹುಳಗಳಿಗೆ ಮೀಯ್ಲಿಕ್ಕೆ ನೀರು ಇಟ್ಟದ್ದಾ?" ಆ ಸಲ ವಸಂತರ ಗದ್ದೆಗೆ ಉದ್ದು ಬೀಳಲಿಲ್ಲ.

ನಾಸಿರ್ ಹೊರಬರುತ್ತಾರೆ. ಅವರು ತಂದುಕೊಟ್ಟ ಮಾಸ್ಕ್ ಪೂವಮ್ಮನ ಕುತ್ತಿಗೆಯಲ್ಲಿ ನೇತಾಡುತ್ತಿದೆ.

"ಅದನ್ನು ಹಾಕಿದ್ರೆ ಉಸಿರೇ ಬರುದಿಲ್ಲ ನಾಸಿರಾಕ."

"ಹಾಕದಿದ್ರೂ ಬರುದಿಲ್ಲ ಅಲ್ವಾ? ಸಾಕು ಮಾರಾಯ್ತಿ. ಮುಂದಿನ ವರ್ಷ ಹುಳಕ್ಕೆ ವಿಷದ ಮಾತ್ರೆ ಇಡುವ."

"ಮಾತ್ರೆ ಇಟ್ರೆ ನಂಗೆ ಇಲ್ಲಿ ಎಂತ ಕೆಲಸ ಉಂಟು?"

ನಾಸಿರ್ ಅಂಗಡಿಯ ಶಟರ್ ಎತ್ತಲು ಹೋಗುತ್ತಾರೆ.

ಪೂವಮ್ಮ ಬೀಜವನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿಯುತ್ತಾರೆ. ಬೂದಿ ಹಿಡಿದ ಬೆರಳುಗಳು ಬಿರಿದಿವೆ. ಸೂಜಿ ಎರಡು ಸಲ ಜಾರುತ್ತದೆ. "ಈ ಸಲ ನೀರು ಮುಟ್ಟಿಸ್ಲಿಲ್ಲ. ಒಣ ಬೂದಿಯೇ. ಒಂದು ಕಾಳಿಗೂ ತೂತು ಇರ್ಲಿಕ್ಕಿಲ್ಲ," ಎನ್ನುತ್ತಾರೆ. ಮತ್ತೆ ಕೆಮ್ಮು. ಅದು ನಿಲ್ಲುವವರೆಗೆ ಚೀಲಕ್ಕೆ ಒರಗಿ ಕಾಯುತ್ತಾರೆ.

"ಡಿಸೆಂಬರಿನಲ್ಲಿ ಇದನ್ನು ಬಿಚ್ಚುವಾಗ ನಾನು ಇಲ್ಲಿ ನಿಂತಿರ್ಬೇಕು. ಅಲ್ಲಿವರೆಗೆ ಉಸಿರು ಇದ್ರೆ ಸಾಕು."